ನನ್ನ ವರ್ಡ್‌ಪ್ರೆಸ್ ಕನ್ನಡ ಬ್ಲಾಗ್ ಮೊಬೈಲ್‌ನಲ್ಲಿ ತುಂಬ ನಿಧಾನ. ಹೋಸ್ಟಿಂಗ್ ಬದಲಾಯಿಸಬೇಕಾ?

ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ವೇಗ ಅಳೆಯುವ ತಾಣದಲ್ಲಿ ನಿಮ್ಮ ಬ್ಲಾಗ್‌ನ ವಿಳಾಸ ಹಾಕಿ ನೋಡಿ. ಅಲ್ಲಿ ಎಲ್‌ಸಿಪಿ ಅಂತ ಒಂದು ಅಂಕಿ ಬರುತ್ತದೆ. ಪರದೆಯಲ್ಲಿ ಕಾಣುವ ಅತಿ ದೊಡ್ಡ ಚಿತ್ರ ಅಥವಾ ಪಠ್ಯ ಮೂಡಲು ಹಿಡಿಯುವ ಸಮಯ ಅದು. 2.5 ಸೆಕೆಂಡಿನೊಳಗಿದ್ದರೆ ಚಿಂತೆಯಿಲ್ಲ.

ಕನ್ನಡ ಬ್ಲಾಗ್‌ಗಳಲ್ಲಿ ನಾನು ಮೊದಲು ನೋಡುವುದು ಫಾಂಟ್. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡ ಫಾಂಟ್‌ಗೆ ನೂರಾರು ಆಕಾರಗಳು ಬೇಕು. ಹಾಗಾಗಿ ಫೈಲ್ ಭಾರ. ಸಾಮಾನ್ಯ, ದಪ್ಪ, ತೆಳು ಅಂತ ನಾಲ್ಕೈದು ಬಗೆ ಹಾಕಿದರೆ ಅಷ್ಟೂ ಇಳಿಯಬೇಕಲ್ವಾ? ಎರಡು ಸಾಕು, ಅದೂ ವೋಫ್2 (ವೆಬ್‌ಗಾಗಿ ಕುಗ್ಗಿಸಿದ ಫಾಂಟ್ ಫೈಲ್) ರೂಪದಲ್ಲಿ. ನನ್ನನ್ನು ಕೇಳಿದರೆ ಅದೂ ಬೇಡ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ, ವಿಂಡೋಸ್‌ನಲ್ಲಿ ನಿರ್ಮಲಾ ಇದೆ. ಅದನ್ನೇ ಬಳಸಿ. ಓದುಗರಿಗೆ ಅಕ್ಷರ ತಕ್ಷಣ ಕಾಣುವುದೇ ಮುಖ್ಯ.

ಆಮೇಲೆ ಫೋಟೊ. ಫೋನಿನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ ಚಿತ್ರವನ್ನು ಹಾಗೇ ಏರಿಸಬೇಡಿ. 1200ಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಇರಲಿ, ಅಂದರೆ ಓದುಗರು ಅಲ್ಲಿಗೆ ಸರಿದಾಗಲೇ ಅವು ಇಳಿಯಲಿ. ಮೇಲಿನ ಮೊದಲ ಚಿತ್ರಕ್ಕೆ ಮಾತ್ರ ಬೇಡ, ಎಲ್‌ಸಿಪಿ ಕೆಡುತ್ತದೆ.

ಕ್ಯಾಶ್ ಪ್ಲಗಿನ್ (ಪುಟದ ಸಿದ್ಧ ಪ್ರತಿಯನ್ನು ಇಟ್ಟುಕೊಂಡು ಬೇಗ ಕೊಡುವ ಸಾಧನ) ಒಂದೇ ಇರಲಿ. ಎರಡು ಹಾಕಿದರೆ ಒಂದಕ್ಕೊಂದು ಜಗಳ.

ಇಷ್ಟಾದ ಮೇಲೂ ಸರ್ವರ್‌ನ ಮೊದಲ ಉತ್ತರವೇ ತಡವಾದರೆ ಹೋಸ್ಟಿಂಗ್ ಬದಲಾಯಿಸಿ. ಓದುಗರು ಹೆಚ್ಚಾಗಿ ಕರ್ನಾಟಕದವರಾದರೆ ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್ ಆರಿಸಿ. ಅಮೆರಿಕದ ಕನ್ನಡಿಗರೂ ಓದುತ್ತಾರೆ ಅಂದರೆ ಜಗತ್ತಿನಾದ್ಯಂತ ಸರ್ವರ್‌ಗಳಿರುವ ಕ್ಲೌಡ್‌ಫ್ಲೇರ್ ಸೇವೆಯ ಉಚಿತ ಪ್ಲಾನ್ ಸೇರಿಸಿ. ಚಿತ್ರಗಳು ಅವರಿಗೆ ಹತ್ತಿರದ ಸರ್ವರ್‌ನಿಂದಲೇ ಹೋಗುತ್ತವೆ.