"ಲೆಕ್ಕ ಬಿಟ್ಟು ಬೇರೆ ಏನಾದ್ರೂ ಹೇಳಿ ಮೇಡಂ"

(ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ.)

ರಾಯರು ಬ್ಯಾಂಕಿನಿಂದ ನಿವೃತ್ತರಾಗಿ ಒಂದು ವರ್ಷವಾಗಿತ್ತು. ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವರ ಹೆಂಡತಿ. "ಒಂದು ಕಡೆ ಸುಮ್ನೆ ಕೂರಲ್ಲ ಮೇಡಂ. ಅಡುಗೆಮನೆ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಸಾಸಿವೆ ಡಬ್ಬದ ಮೇಲೆ ಸಾಸಿವೆ ಅಂತ! ನನಗೇ ಗೊತ್ತಿಲ್ವಾ ಅದು?" ಎಂದರು. ರಾಯರು ನಗಲಿಲ್ಲ.

ನಿದ್ದೆ, ಊಟ, ಸುಸ್ತು, ಜನರ ಜೊತೆ ಮಾತುಕತೆ ಹೇಗಿದೆ ಎಂದು ಮೊದಲು ವಿಚಾರಿಸಿದೆ. ನಿವೃತ್ತಿಯ ನಂತರದ ಬೇಸರ ಕೆಲವರಲ್ಲಿ ಖಿನ್ನತೆಯೇ ಆಗಿರುತ್ತದೆ. ಅಂಥವರಿಗೆ "ಏನಾದರೂ ಸೇವೆ ಮಾಡಿ" ಎಂದು ಹೇಳಿ ಕಳಿಸಿದರೆ ಆಗದು, ಮೊದಲು ಚಿಕಿತ್ಸೆ ಬೇಕು. ಇವರಿಗೆ ಅದೇನೂ ಇರಲಿಲ್ಲ. ನಿದ್ದೆ ಚೆನ್ನಾಗಿತ್ತು. ಪೇಪರ್ ಓದಿ ಸಿಟ್ಟಾಗುವ ಹುರುಪೂ ಇತ್ತು.

ತೊಂದರೆ ಇದ್ದದ್ದು ಬೇರೆ ಕಡೆ. ನಿವೃತ್ತಿಯಾದ ಮೇಲೆ ಅವರು ಬಡಾವಣೆಯ ಒಂದು ಟ್ರಸ್ಟಿಗೆ ಹೋಗಿ "ಏನು ಕೆಲಸ ಕೊಟ್ಟರೂ ಮಾಡ್ತೀನಿ" ಎಂದಿದ್ದರು. "ಬ್ಯಾಂಕಿನವರಲ್ವಾ, ಲೆಕ್ಕ ನೋಡ್ಕೊಳ್ಳಿ" ಎಂದು ಅವರು ವೋಚರಿನ ಕಟ್ಟನ್ನೇ ಮುಂದಿಟ್ಟರು. ಸಹಿ ಇಲ್ಲದ ಬಿಲ್ಲು, ತಾಳೆಯಾಗದ ಪಾಸ್‌ಬುಕ್ಕು. ಅಲ್ಲಿಂದ ಮನೆಗೆ ಬಂದ ಮೇಲೂ ತಲೆ ಅದರಲ್ಲೇ. "ಮೂವತ್ತು ವರ್ಷ ಮಾಡಿದ್ದು ಸಾಲದಾ ಮೇಡಂ? ಬೇಡ ಅನ್ನೋಕೆ ನಾಚಿಕೆ. ಸೇವೆ ಅಂತ ಒಪ್ಪಿಕೊಂಡು ಈಗ ಕೈಕೊಟ್ಟರೆ ಏನಂದುಕೊಳ್ತಾರೆ?"

ಬರುವ ಕೆಲಸ ಬೇರೆ, ಬೇಕಾದ ಕೆಲಸ ಬೇರೆ. ನಮ್ಮಲ್ಲಿ ಇದನ್ನು ಯಾರೂ ಬಿಡಿಸಿ ನೋಡುವುದಿಲ್ಲ. ನಿವೃತ್ತ ಶಿಕ್ಷಕಿ ಸಿಕ್ಕರೆ ಟ್ಯೂಷನ್ ಹೇಳಿಸುತ್ತಾರೆ, ನರ್ಸ್ ಸಿಕ್ಕರೆ ಬಿ.ಪಿ. ನೋಡಲು ಕೂರಿಸುತ್ತಾರೆ. ಕೆಲವರಿಗೆ ಅದೇ ಖುಷಿ, ಸರಿ. ಆದರೆ ಸಂಬಳ, ಬಡ್ತಿ ಅಂತ ಸಹಿಸಿಕೊಂಡಿದ್ದ ಕೆಲಸವನ್ನು ಬಿಟ್ಟಿಯಾಗಿ ಮಾಡು ಎಂದರೆ ಮನಸ್ಸು ಹೇಗೆ ಬಗ್ಗೀತು?

ಹಾಗಾಗಿ "ನಿಮಗೆ ಏನು ಬರುತ್ತೆ?" ಎಂದು ಕೇಳಲಿಲ್ಲ. ಬ್ಯಾಂಕಿನಲ್ಲಿ ಯಾವ ಶಾಖೆ ಚೆನ್ನಾಗಿತ್ತು ಎಂದು ಕೇಳಿದೆ. ತಟ್ಟನೆ ಒಂದು ಹಳ್ಳಿ ಶಾಖೆಯ ಹೆಸರು ಹೇಳಿದರು. ಅಲ್ಲಿ ವಯಸ್ಸಾದ ಹೆಂಗಸರು ಬ್ಯಾಂಕಿಗೆ ಸಂಬಂಧವೇ ಇಲ್ಲದ ಕಾಗದಗಳನ್ನೂ ತಂದು ಇವರ ಕೈಲಿ ಓದಿಸುತ್ತಿದ್ದರಂತೆ. ರಾಜ್ಯೋತ್ಸವ ಬಂದರೆ ನಿರೂಪಣೆ ಇವರದ್ದೇ. ಹೇಳುತ್ತಾ ಹೇಳುತ್ತಾ ನನ್ನ ಮೇಜಿನ ಮೇಲಿದ್ದ ಒಂದು ಕರಪತ್ರ ತೆಗೆದು, ಕನ್ನಡಕ ಹಣೆಗೇರಿಸಿ, ಎರಡು ಸಾಲು ಗಟ್ಟಿಯಾಗಿ ಓದಿದರು. ಅಲ್ಪವಿರಾಮದಲ್ಲಿ ನಿಂತು, ಒತ್ತಕ್ಷರ ಒಂದೂ ನುಂಗದೆ. ಹೊರಗೆ ಕಾಯುತ್ತಿದ್ದವರು ತಿರುಗಿ ನೋಡಿದರು.

ಅಂಧ ವಿದ್ಯಾರ್ಥಿಗಳಿಗೆ ಪಾಠ ಓದಿಕೊಡುವವರು ಬೇಕಾಗಿರುತ್ತಾರೆ ಎಂದೆ. "ಪರೀಕ್ಷೆ ಬರೆದುಕೊಡಲೂ ಹೋಗ್ತೀನಿ" ಎಂದು ಅವರೇ ಮುಂದೆ ಬಂದರು. ಅದಕ್ಕೆ ಇವರ ಡಿಗ್ರಿಯೇ ಅಡ್ಡಿ. ಆಗ ಇದ್ದದ್ದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ. ಅದರ ಪ್ರಕಾರ ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್‌ನ, ಅಂದರೆ ಉತ್ತರ ಬರೆದುಕೊಡುವವರ ಓದು ಅಭ್ಯರ್ಥಿಯ ಓದಿಗಿಂತ ಒಂದು ಹಂತ ಕಡಿಮೆ ಇರಬೇಕಿತ್ತು. ನಕಲು ತಡೆಯಲು ಮಾಡಿದ ನಿಯಮ. (ಈ ನಿಯಮಗಳು ಬದಲಾಗುತ್ತಿರುತ್ತವೆ. ಹೋಗುವ ಮೊದಲು ಪರೀಕ್ಷಾ ಮಂಡಳಿಯವರನ್ನೇ ಕೇಳಿ.) ಪಾಠ ಓದಿ ರೆಕಾರ್ಡ್ ಮಾಡಿಕೊಡಲು ಅಂಥ ಕಟ್ಟುಪಾಡಿಲ್ಲ.

ಬ್ಯಾಂಕಿನ ಬುದ್ಧಿ ಎಲ್ಲಿ ಹೋಗುತ್ತದೆ! "ಕಾಪಿರೈಟ್ ತಕರಾರು ಬರಲ್ವಾ?" ಎಂದರು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿದೆ. ಅಂಗವಿಕಲರು ಓದಲು, ಕೇಳಲು ಆಗುವ ರೂಪಕ್ಕೆ ಪುಸ್ತಕವನ್ನು ಲಾಭವಿಲ್ಲದೆ ಇಳಿಸಿಕೊಡಬಹುದು. ಆದರೆ ಅದು ಅವರಿಗೆ ಮಾತ್ರ. ಚೆನ್ನಾಗಿ ಬಂದಿದೆ ಅಂತ ಯೂಟ್ಯೂಬಿಗೆ ಏರಿಸುವ ಹಾಗಿಲ್ಲ.

ಟ್ರಸ್ಟಿನ ಕೆಲಸದ ಬಗ್ಗೆ ನಾನು ಹೇಳಿದ್ದು: ನಡುವೆ ಬಿಡಬೇಡಿ, ಮಾರ್ಚ್ 31ರ ಲೆಕ್ಕ ಮುಗಿಸಿ, ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸಿ ಬನ್ನಿ. ಕಾರಣ ಕೇಳಿದರೆ ಆರೋಗ್ಯದ ನೆಪ ಹೇಳಬೇಡಿ, ಈ ಕೆಲಸ ಸಾಕಾಗಿದೆ ಎಂದೇ ಹೇಳಿ. ಹೊಸ ಜಾಗದಲ್ಲಿ "ಏನು ಬೇಕಾದ್ರೂ ಮಾಡ್ತೀನಿ" ಎಂಬ ಮಾತೇ ಬೇಡ. ಹಾಗೆಂದರೆ ಯಾರೂ ಮುಟ್ಟದೆ ಬಿದ್ದಿರುವ ಕೆಲಸವೇ ನಿಮ್ಮ ಪಾಲಿಗೆ ಬರುತ್ತದೆ. ಯಾವ ಕೆಲಸ, ಯಾವ ದಿನ, ಎಷ್ಟು ಹೊತ್ತು ಎಂದು ನೀವೇ ಹೇಳಿ. ಮೊದಲ ದಿನ ಸುಮ್ನೆ ಕೂತು ನೋಡಿ ಬನ್ನಿ. ಮೂರು ತಿಂಗಳಿಗೆ ಒಪ್ಪಿಕೊಳ್ಳಿ, ಆಮೇಲೆ ನೋಡೋಣ. ಮಕ್ಕಳಿರುವ ಜಾಗವಾದ್ದರಿಂದ ಗುರುತಿನ ಚೀಟಿ, ಪೊಲೀಸ್ ವೆರಿಫಿಕೇಷನ್ ಕೇಳಿದರೆ ಅವಮಾನ ಅಂದುಕೊಳ್ಳಬೇಡಿ. ಕೇಳದ ಸಂಸ್ಥೆಯ ಬಗ್ಗೆಯೇ ನನಗೆ ಅನುಮಾನ ಜಾಸ್ತಿ.

ಕೆಲವು ವಾರಗಳ ನಂತರ ಬಂದಾಗ ರಾಯರ ಮುಖ ಚಿಕ್ಕದಾಗಿತ್ತು. ಬೆಳಗಿನ ಜಾವ, ಅಕ್ಕಪಕ್ಕದ ಮಿಕ್ಸಿ ಶುರುವಾಗುವ ಮೊದಲೇ ಎದ್ದು, ಫ್ಯಾನ್ ಆರಿಸಿ, ಸಮಾಜ ವಿಜ್ಞಾನದ ಒಂದು ಪಾಠ ರೆಕಾರ್ಡ್ ಮಾಡಿದ್ದರು. ಭಾವ ತುಂಬಿ, ನಿಧಾನವಾಗಿ ಓದಿದ್ದರು. ಹುಡುಗನೊಬ್ಬ ಕೇಳಿ, "ಚೆನ್ನಾಗಿದೆ ಸಾರ್, ಆದ್ರೆ ನಾಟಕದ ಹಾಗೆ ಬೇಡ. ನಾವು ಸ್ಪೀಡ್ ಜಾಸ್ತಿ ಇಟ್ಕೊಂಡು ಕೇಳ್ತೀವಿ. ಪುಟದ ನಂಬರ್ ಹೇಳಿ ಸಾಕು" ಎಂದನಂತೆ. ಕೋಷ್ಟಕವನ್ನು ಇವರು ಬರೀ ಅಂಕಿಗಳಾಗಿ ಓದಿಬಿಟ್ಟಿದ್ದರು. ಯಾವ ಅಂಕಿ ಯಾವುದಕ್ಕೆ ಸೇರಿದ್ದು ಎಂದು ಯಾರಿಗೂ ತಿಳಿದಿರಲಿಲ್ಲ.

ಆ ಹುಡುಗ ಹೇಳಿದ್ದೇ ಸರಿ ಎಂದೆ. ನಮ್ಮ ಆಸಕ್ತಿ ಕೆಲಸ ಹುಡುಕಲು ದಾರಿ ತೋರಿಸುತ್ತದೆ, ನಿಜ. ಆದರೆ ಅದನ್ನು ಹೇಗೆ ಮಾಡಬೇಕು ಎಂದು ಹೇಳಬೇಕಾದವರು ಕೇಳುವವರು. ರಾಯರಿಗೆ ಆ ಮಾತು ರುಚಿಸಲಿಲ್ಲ. ಆದರೂ ಮುಂದಿನ ಪಾಠದಲ್ಲಿ ಕೋಷ್ಟಕದ ಪ್ರತಿ ಸಾಲಿಗೂ ತಲೆಬರಹ ಸೇರಿಸಿ ಓದಿದರು. ನಕ್ಷೆ ಬಂದ ಕಡೆ ಎಡಕ್ಕೆ ಏನು, ಬಲಕ್ಕೆ ಏನು ಎಂದು ವಿವರಿಸಿದರು. ತಪ್ಪಿದರೆ ಆ ವಾಕ್ಯವನ್ನು ಮೊದಲಿನಿಂದ ಓದಿದರು.

ಆಮೇಲೆ ರೆಕಾರ್ಡಿಂಗ್ ಮಾಡಿಸುವ ಸಂಸ್ಥೆಯವರು ಪಿಯುಸಿ ಅಕೌಂಟೆನ್ಸಿ ಪುಸ್ತಕ ಕೊಡಲು ನೋಡಿದ್ದಾರೆ. ಇವರಷ್ಟು ಚೆನ್ನಾಗಿ ಅದನ್ನು ಓದುವವರು ಸಿಗುವುದು ಕಷ್ಟ. ರಾಯರು ಖಡಾಖಂಡಿತ ಬೇಡ ಎಂದರಂತೆ. "ತಪ್ಪಾ ಮೇಡಂ?" ತಪ್ಪಲ್ಲ ಎಂದೆ. ಇವರ ಹೆಂಡತಿಗೆ ಮಾತ್ರ ಅದು ಸರಿ ಅನ್ನಿಸಿರಲಿಲ್ಲ. "ಮಕ್ಕಳಿಗೆ ಬೇಕಿದ್ದಾಗ ಓದಿದ್ರೆ ಏನಾಗ್ತಿತ್ತು?" ಎಂದರು. ಆ ಮಾತನ್ನೂ ತೆಗೆದುಹಾಕುವಂತಿಲ್ಲ. ಆ ಪುಸ್ತಕಕ್ಕೆ ಬೇರೆಯವರನ್ನು ಹುಡುಕಿಕೊಡಿ ಎಂದು ರಾಯರಿಗೆ ಹೇಳಿದೆ. ಬ್ಯಾಂಕಿನ ಹಳೆಯ ಸಹೋದ್ಯೋಗಿಯೊಬ್ಬರನ್ನು ಒಪ್ಪಿಸಿದರು. ಅವರಿಗೆ ಲೆಕ್ಕವೆಂದರೆ ಈಗಲೂ ಪ್ರೀತಿ.

ಕೊನೆಯ ಸಲ ಬಂದಾಗ ಕೇಳಿದ್ದು ತಮ್ಮ ವಾಕಿಂಗ್ ಗೆಳೆಯನ ವಿಚಾರ. ಅವರನ್ನೂ ಓದಲು ಸೇರಿಸಲೇ ಎಂದರು.

"ಅವರಿಗೆ ಓದೋದು ಇಷ್ಟನಾ?"

"ಇಲ್ಲ ಮೇಡಂ, ಅವನಿಗೆ ಗಿಡ ಮರ ಅಂದ್ರೆ ಪ್ರಾಣ."

ಹಾಗಿದ್ದರೆ ಸೀಸನ್‌ವಾಚ್ ಎಂಬ ಯೋಜನೆಯ ಬಗ್ಗೆ ಹೇಳಿ ಎಂದೆ. ಮನೆ ಹತ್ತಿರದ ಒಂದು ಮರ ಆರಿಸಿಕೊಂಡು, ಅದರ ಚಿಗುರು, ಹೂವು, ಕಾಯಿ ಎಷ್ಟಿದೆ ಎಂದು ವಾರಕ್ಕೊಮ್ಮೆ ದಾಖಲಿಸುವ ಕೆಲಸ. ಬಡಾವಣೆಯ ಹೊಂಗೆ ಮರವಾದರೂ ಆಗುತ್ತದೆ.