ಸನ್ನತಿಯ ಕಲ್ಲಿನಲ್ಲಿರುವ ರಂಧ್ರ

ದೇಶದ ಪ್ರಾಚೀನ ಇತಿಹಾಸವನ್ನು ಕಲಿಯುವುದು ಬೇಸರದ ಕೆಲಸವೋ ಆಸಕ್ತಿಯ ಕೆಲಸವೋ ಎಂದು ನೀವು ಕೇಳಿದ್ದೀರಿ. ಎರಡನ್ನೂ ಅನುಭವಿಸಿದವಳಾಗಿ ಉತ್ತರಿಸುತ್ತೇನೆ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನವಳು. ಹೈಸ್ಕೂಲಿನಲ್ಲಿ ಮೌರ್ಯರು, ಶಾತವಾಹನರು ಎಂದರೆ ನನಗೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಷ್ಟೇ ಆಗಿದ್ದರು. ರಾಜರ ಹೆಸರು, ಬಿರುದು, ಪಟ್ಟಕ್ಕೆ ಬಂದ ವರ್ಷ ಎಲ್ಲವನ್ನೂ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನವೇ ಮರೆತುಬಿಡುತ್ತಿದ್ದೆ. ಅದೇ ವರ್ಷಗಳಲ್ಲಿ ಅಜ್ಜಿಯ ಕೈ ಹಿಡಿದುಕೊಂಡು ಭೀಮಾ ದಂಡೆಯ ಸನ್ನತಿಗೆ, ಚಂದ್ರಲಾಂಬೆಯ ದರ್ಶನಕ್ಕೆ ಹೋಗುತ್ತಿದ್ದೆ. ಪಾಠದ ಅಶೋಕನಿಗೂ ಈ ಊರಿಗೂ ಸಂಬಂಧವಿದೆ ಎಂದು ತರಗತಿಯಲ್ಲಿ ಯಾರೂ ಹೇಳಲಿಲ್ಲ.

1980ರ ದಶಕದಲ್ಲಿ ಆ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ ಕುಸಿಯಿತು. ಆಗ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳಿರುವುದು ಬೆಳಕಿಗೆ ಬಂತು. ಅದು ಅಶೋಕನ ಶಾಸನ. ಮೂರ್ತಿಯನ್ನು ಕೂರಿಸಲು ಯಾವುದೋ ಕಾಲದಲ್ಲಿ ಕಲ್ಲಿನ ನಡುವೆ ಚೌಕ ರಂಧ್ರವನ್ನು ಕೊರೆದಿದ್ದರಿಂದ ಅಲ್ಲಿದ್ದ ಅಕ್ಷರಗಳು ಶಾಶ್ವತವಾಗಿ ಹೋದವು. ಕಲ್ಲಿನ ಎರಡೂ ಮುಖಗಳಲ್ಲಿ ಉಳಿದಿರುವ ಬರಹದಲ್ಲಿ, ಅಶೋಕ ಹಲವು ಕಡೆ ಬರೆಸಿದ ಹದಿನಾಲ್ಕು ಶಿಲಾಶಾಸನಗಳ ಸರಣಿಯ 12 ಮತ್ತು 14ನೆಯವುಗಳ ಭಾಗಗಳ ಜೊತೆಗೆ, ಆ ಸರಣಿಗೆ ಸೇರದ ಎರಡು ‘ಪ್ರತ್ಯೇಕ ಶಾಸನ’ಗಳೂ ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಎರಡು. ಅವು ಅದುವರೆಗೆ ಅಂದಿನ ಕಳಿಂಗದ, ಅಂದರೆ ಇಂದಿನ ಒಡಿಶಾದ, ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದವು. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳುವ 13ನೆಯ ಶಾಸನವನ್ನು ಅಶೋಕ ಆ ಗೆದ್ದ ನಾಡಿನಲ್ಲಿ ಕೆತ್ತಿಸಲಿಲ್ಲ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಅಧಿಕಾರಿಗಳಿಗೆ ತಿಳಿಹೇಳುವ ಈ ಶಾಸನಗಳನ್ನು ಅಲ್ಲಿ ಬರೆಸಿದ. ಕಳಿಂಗಕ್ಕೆಂದೇ ಬರೆಸಿದ್ದೆಂದು ತೋರುತ್ತಿದ್ದ ಮಾತುಗಳು ನಮ್ಮ ಭೀಮೆಯ ದಂಡೆಗೆ ಏಕೆ ಬಂದವು? ಈ ಪ್ರಶ್ನೆ ಹುಟ್ಟಿದ ದಿನದಿಂದ ನನಗೆ ಪ್ರಾಚೀನ ಇತಿಹಾಸ ಬೇಸರ ತರಿಸಿಲ್ಲ.

ಬೇಸರದ ಮೂಲವೂ ಇಲ್ಲೇ ಇದೆಯೆಂದು ನಾನು ನಂಬಿದ್ದೇನೆ. ಪಠ್ಯಪುಸ್ತಕ ನಮಗೆ ಉತ್ತರವನ್ನು ಕೊಡುತ್ತದೆ, ಆ ಉತ್ತರ ಸಿಕ್ಕ ಬಗೆಯನ್ನು ಹೇಳುವುದಿಲ್ಲ. ‘ಅಶೋಕ ಶಾಸನಗಳನ್ನು ಬರೆಸಿದನು’ ಎಂಬ ಒಂದು ಸಾಲನ್ನೇ ನೋಡಿ. 1837ರ ಹೊತ್ತಿಗೆ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಆ ಶಾಸನಗಳಲ್ಲಿ ಕಂಡದ್ದು ‘ದೇವಾನಂಪಿಯ ಪಿಯದಸಿ’ ಎಂಬ ರಾಜ, ಅಶೋಕನ ಹೆಸರಿರಲಿಲ್ಲ. ಶ್ರೀಲಂಕೆಯ ಪಾಲಿ ಗ್ರಂಥಗಳ ನೆರವಿನಿಂದ ಇವನೇ ಅಶೋಕನೆಂದು ವಿದ್ವಾಂಸರು ಗುರುತಿಸಿದರು. ಶಾಸನದ ಕಲ್ಲೇ ಆ ಹೆಸರನ್ನು ಹೇಳಿದ್ದು 1915ರಲ್ಲಿ, ನಮ್ಮ ಭಾಗದ್ದೇ ಆದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದನ್ನು ಮೊದಲು ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಮುಂದೆ ಸನ್ನತಿಗೆ ಹೊಂದಿಕೊಂಡಿರುವ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಬೌದ್ಧ ಸ್ತೂಪವನ್ನು ಅಗೆದು ತೆಗೆದಾಗ, ರಾಣಿ ಮತ್ತು ಪರಿಚಾರಿಕೆಯರ ನಡುವೆ ನಿಂತ ರಾಜನೊಬ್ಬನ ಶಿಲ್ಪ ದೊರೆಯಿತು; ಅದರ ಮೇಲೆ ‘ರಾಯೋ ಅಸೋಕೋ’ ಎಂಬ ಬರಹವಿತ್ತು. ಅಶೋಕ ಸತ್ತು ಬಹುಕಾಲ ಕಳೆದ ಮೇಲೆ ಕೆತ್ತಿದ್ದಾದ್ದರಿಂದ ಅದನ್ನು ಅವನ ನಿಜವಾದ ಮುಖವೆಂದು ತಿಳಿಯುವಂತಿಲ್ಲ. ಆದರೂ ನಮ್ಮ ಮನೆಗಳ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಬಳಗದ ಸುಣ್ಣಕಲ್ಲಿನಲ್ಲಿ ಆ ಹೆಸರನ್ನು ನೋಡಿದಾಗ ನನ್ನ ಗಂಟಲು ಕಟ್ಟಿತು.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲವೂ ರುಚಿಸುತ್ತದೆ ಎಂದಲ್ಲ. ವಂಶಾವಳಿಗಳ ಪಟ್ಟಿ ನನಗೆ ಇಂದಿಗೂ ಒಣದಾಗಿಯೇ ಕಾಣುತ್ತದೆ. ಆದರೆ ರಾಜರೇ ಇಲ್ಲದ ಕಾಲ ಒಣದಾಗಿರಬೇಕಿಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಅಗೆದ ಜಾಗದಲ್ಲಿ ಹಳೆಯ ಶಿಲಾಯುಗದ ಜನ ಸುಣ್ಣಕಲ್ಲಿನ ಬಂಡೆಗಳನ್ನು ಒಡೆದು ಕೈಕೊಡಲಿ ಮಾಡುತ್ತಿದ್ದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ಸೂಚಿಸಿತು. ಮಾಡುವಾಗ ಸಿಡಿದ ಚಕ್ಕೆಗಳು ಬಿದ್ದಲ್ಲಿಯೇ ಉಳಿದಿದ್ದವು.

ನೀವು ಈ ಭಾಗದವರಾಗಿದ್ದರೆ, ಅಥವಾ ಇತ್ತ ಬರುವುದಾದರೆ, ಪುಸ್ತಕಕ್ಕಿಂತ ಮೊದಲು ಸನ್ನತಿಗೆ ಹೋಗಿ. ಬೇಸಿಗೆ ಬೇಡ, ಬಿಸಿಲು ನಿಲ್ಲಗೊಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೋಗಿ. 12ನೆಯ ಶಾಸನದ ಕನ್ನಡ ಅನುವಾದ ಕೈಯಲ್ಲಿರಲಿ. ತನ್ನ ಪಂಥದ ಮೇಲಿನ ಅಭಿಮಾನದಿಂದ ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂಬ ಮಾತು ಅದರಲ್ಲಿದೆ. ಕಳೆದ ಚಳಿಗಾಲದಲ್ಲಿ ಮಗಳು ಆ ಕಲ್ಲನ್ನು ನೋಡಿ, “ಅಮ್ಮ, ತೂತಿನಲ್ಲಿದ್ದ ಅಕ್ಷರ ಏನಂತ ಹೆಂಗ ಗೊತ್ತಾಗ್ತದ?” ಎಂದು ಕೇಳಿದಳು. ಅದೇ ಶಾಸನ ಬೇರೆ ಊರುಗಳ ಬಂಡೆಗಳ ಮೇಲೂ ಇದೆ, ಇಲ್ಲಿ ಹೋದದ್ದನ್ನು ಅಲ್ಲಿ ಉಳಿದದ್ದರಿಂದ ತುಂಬಿಕೊಳ್ಳುತ್ತಾರೆ ಎಂದೆ. ಅವಳು ರಂಧ್ರದ ಎಡ ಅಂಚಿನ ಕೊನೆಯ ಅಕ್ಷರದಿಂದ ಬಲ ಅಂಚಿನ ಮೊದಲ ಅಕ್ಷರದವರೆಗೆ ಗಾಳಿಯಲ್ಲಿ ಬೆರಳಾಡಿಸುತ್ತ, ಎಷ್ಟು ಅಕ್ಷರ ಹಿಡಿದಾವು ಎಂದು ಸಾಲು ಸಾಲಾಗಿ ಎಣಿಸತೊಡಗಿದಳು.