ಕಾನೂನು ಪ್ರಶ್ನೋತ್ತರ: ಗದ್ದೆ ಶ್ರೀರಂಗಪಟ್ಟಣದಲ್ಲಿ, ತಡೆಯಾಜ್ಞೆ ಯಾವ ಕೋರ್ಟಿನಲ್ಲಿ?

ಪ್ರಶ್ನೆ: ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ನಮ್ಮ ಒಂದು ಎಕರೆ ಗದ್ದೆಯಿದೆ. ಪಕ್ಕದ ಜಮೀನಿನವರು ಬದು ಕಡಿದು ಒಳಗೆ ಬರಲು ನೋಡುತ್ತಿದ್ದಾರೆ. ಅವರೂ ನಾವೂ ಇರುವುದು ಮೈಸೂರಿನಲ್ಲಿ. ಇಲ್ಲಿಯ ಕೋರ್ಟಿನಲ್ಲೇ ತಡೆಯಾಜ್ಞೆ ತರಬಹುದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಆಗುವುದಿಲ್ಲ. ಜಮೀನಿನ ವ್ಯಾಜ್ಯ ಆ ಜಮೀನಿರುವ ಸರಹದ್ದಿನ ಕೋರ್ಟಿಗೇ ಹೋಗಬೇಕು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಂ. ನಿಮ್ಮ ದಾವೆ ಶ್ರೀರಂಗಪಟ್ಟಣದ ಸಿವಿಲ್ ಕೋರ್ಟಿನದು.

ಅದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ಆಸ್ತಿ ಪ್ರತಿವಾದಿಯ ಕೈಯಲ್ಲಿದ್ದು, ಅವರು ಖುದ್ದಾಗಿ ಆದೇಶ ಪಾಲಿಸಿದರೆ ಪರಿಹಾರ ಪೂರ್ತಿ ಸಿಗುವಂತಿದ್ದರೆ ಅವರು ವಾಸಿಸುವ ಊರಿನಲ್ಲೂ ದಾವೆ ಹೂಡಬಹುದು. ಇದನ್ನು ನೆಚ್ಚಿ ಮೈಸೂರಿನಲ್ಲೇ ಹಾಕೋಣ ಎನ್ನುವವರ ಮಾತು ಕೇಳಬೇಡಿ. ಗದ್ದೆ ನಿಮ್ಮ ಸ್ವಾಧೀನದಲ್ಲಿದೆ, ವಿನಾಯಿತಿ ಒದಗುವುದಿಲ್ಲ. 2005ರ ಹರ್ಷದ್ ಚಿಮನ್‌ಲಾಲ್ ಮೋದಿ ಪ್ರಕರಣ ನೋಡಿ. ಗುರುಗ್ರಾಮದ ನಿವೇಶನಕ್ಕಾಗಿ ದೆಹಲಿಯಲ್ಲಿ ದಾವೆ ಹೂಡಲಾಗಿತ್ತು. ದೆಹಲಿ ಕೋರ್ಟೇ ಆಗಬೇಕೆಂದು ಕರಾರಿನಲ್ಲಿ ಬರೆದಿದ್ದರೂ, ಪ್ರತಿವಾದಿ ಮೊದಲು ಒಪ್ಪಿದ್ದರೂ, ದೆಹಲಿಗೆ ಅಧಿಕಾರವಿಲ್ಲ ಎಂದಿತು ಸುಪ್ರೀಂ ಕೋರ್ಟ್.

ತಪ್ಪು ಕೋರ್ಟಿಗೆ ಹೋದರೆ ಅದೇ ಸಂಹಿತೆಯ ಆದೇಶ 7, ನಿಯಮ 10ರಂತೆ ವಾದಪತ್ರ (ದಾವೆ ಹೂಡಲು ಕೊಟ್ಟ ಬರಹ) ವಾಪಸ್ ಬರುತ್ತದೆ. ಸರಿಯಾದ ಕೋರ್ಟಿನಲ್ಲಿ ಎಲ್ಲವೂ ಮೊದಲಿನಿಂದ ಶುರು, ಮಧ್ಯಂತರ ತಡೆಯಾಜ್ಞೆಯನ್ನೂ ಹೊಸದಾಗಿ ಕೇಳಬೇಕು. ಅಷ್ಟು ಹೊತ್ತಿಗೆ ಬದು ಉಳಿದಿರುತ್ತದೆಯೇ?

ಹೂಡುವ ಮೊದಲು ಹದ್ದುಬಸ್ತಿಗೆ (ಜಮೀನಿನ ಗಡಿ ಗುರುತಿಸುವುದಕ್ಕೆ) ಅರ್ಜಿ ಕೊಟ್ಟು ಅಳತೆ ಮಾಡಿಸಿಕೊಂಡರೆ ಒಳ್ಳೆಯದು. ಒತ್ತುವರಿ ಕಣ್ಣೆದುರಿಗೇ ನಡೆಯುತ್ತಿದ್ದರೆ ಅದಕ್ಕಾಗಿ ಕಾಯಬೇಡಿ. ವಾದಪತ್ರದ ಷೆಡ್ಯೂಲಿನಲ್ಲಿ (ಆಸ್ತಿಯ ವಿವರಪಟ್ಟಿ) ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕು ಕಡೆಯ ಗಡಿ) ಪಹಣಿಗೆ ಹೊಂದಬೇಕು. ಬಹಳ ಅರ್ಜಿಗಳು ಎಡವುವುದು ಇಲ್ಲೇ. ಅವರು ಆಗಲೇ ಒಳಗೆ ಬಂದು ಉಳುತ್ತಿದ್ದರೆ ಬರೀ ತಡೆಯಾಜ್ಞೆ ಸಾಲದು, ಸ್ವಾಧೀನ ವಾಪಸ್ ಕೊಡಿಸಿ ಎಂದೂ ಕೇಳಬೇಕು. ಏಕಪಕ್ಷೀಯ ಆದೇಶ (ಎದುರಾಳಿಯ ಮಾತು ಕೇಳುವ ಮೊದಲೇ ಕೊಡುವ ಆದೇಶ) ಸಿಕ್ಕರೆ ಅರ್ಜಿ, ವಾದಪತ್ರ, ದಾಖಲೆಗಳ ಪ್ರತಿ ಎದುರಾಳಿಗೆ ತಲುಪಿಸಿ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಅಂದೇ ಅಥವಾ ಮರುದಿನ ಹಾಗೆ ಮಾಡಿದ್ದೇವೆಂದು ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಇದನ್ನು ಬಿಟ್ಟರೆ ಸಿಕ್ಕ ಆದೇಶವೂ ಕೈತಪ್ಪಬಹುದು.

ಪ್ರಶ್ನೆ: ಅಪ್ಪನ ಮನೆ ಮೈಸೂರಿನಲ್ಲಿ, ಜಮೀನು ಪಾಂಡವಪುರದಲ್ಲಿ, ಅಣ್ಣ ಇರುವುದು ಬೆಂಗಳೂರಿನಲ್ಲಿ. ವಿಭಾಗಕ್ಕೆ ಎರಡು ದಾವೆ ಬೇಕೇ?
– ಓದುಗರು, ಮಂಡ್ಯ

ಉತ್ತರ: ಬೇಡ. 17ನೇ ಕಲಮಿನಂತೆ ಎರಡರಲ್ಲಿ ಯಾವುದಾದರೂ ಒಂದು ಕಡೆ ಹೂಡಿ, ಎರಡೂ ಆಸ್ತಿಗಳನ್ನು ಷೆಡ್ಯೂಲಿಗೆ ಸೇರಿಸಿ. ಪರಭಾರೆ (ಮಾರಾಟ ಮುಂತಾದ ಹಸ್ತಾಂತರ) ಮಾಡದಂತೆ ತಡೆಯಾಜ್ಞೆಯನ್ನೂ ಅಲ್ಲೇ ಕೇಳಬಹುದು. ಅದು ಪ್ರತಿವಾದಿಯ ಮೇಲಿನ ಆದೇಶ. ಅಣ್ಣ ಬೆಂಗಳೂರಿನಲ್ಲಿದ್ದರೂ ಅವರನ್ನು ಕಟ್ಟಿಹಾಕುತ್ತದೆ.

ಪ್ರಶ್ನೆ: ಅಧಿಕಾರವೇ ಇಲ್ಲದ ಕೋರ್ಟಿನಿಂದ ನನ್ನ ಮೇಲೆ ತಡೆಯಾಜ್ಞೆ ತಂದಿದ್ದಾರೆ. ಲೆಕ್ಕಿಸದೆ ಕೆಲಸ ಮುಂದುವರಿಸಲೇ?
– ಓದುಗರು, ನಂಜನಗೂಡು

ಉತ್ತರ: ದಯವಿಟ್ಟು ಬೇಡ. ಕೋರ್ಟಿಗೆ ಅಧಿಕಾರವಿಲ್ಲವೆಂದು ಮುಂದೆ ತೀರ್ಮಾನವಾದರೂ, ಆದೇಶ ಜಾರಿಯಲ್ಲಿದ್ದಾಗ ಅದನ್ನು ಮೀರಿದ್ದಕ್ಕೆ ಶಿಕ್ಷೆ ತಪ್ಪದು ಎಂದು ಸುಪ್ರೀಂ ಕೋರ್ಟ್ 1997ರ ತಯ್ಯಬ್‌ಭಾಯಿ ಪ್ರಕರಣದಲ್ಲಿ ಹೇಳಿದೆ. ಆದೇಶ 39, ನಿಯಮ 2ಎ ಪ್ರಕಾರ ಆಸ್ತಿ ಜಪ್ತಿ ಮಾಡಬಹುದು, 3 ತಿಂಗಳವರೆಗೆ ಸಿವಿಲ್ ಸೆರೆಮನೆಗೂ ಕಳಿಸಬಹುದು.

ಕೆಲಸ ನಿಲ್ಲಿಸಿ, ಅದೇ ಕೋರ್ಟಿನಲ್ಲಿ ವಕಾಲತ್ತು ಹಾಕಿಸಿ. ಆದೇಶ 39ರ ನಿಯಮ 4ರಡಿ ತಡೆಯಾಜ್ಞೆ ತೆರವಿಗೂ, ಆದೇಶ 7, ನಿಯಮ 10ರಡಿ ವಾದಪತ್ರ ಹಿಂತಿರುಗಿಸುವುದಕ್ಕೂ ಒಟ್ಟಿಗೇ ಅರ್ಜಿ ಕೊಡಿ. ಸರಹದ್ದಿನ ಆಕ್ಷೇಪವನ್ನು ಮೊದಲ ಅವಕಾಶದಲ್ಲೇ, ವಿವಾದಾಂಶಗಳನ್ನು (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ರಚಿಸುವ ಮುನ್ನ ಎತ್ತಬೇಕೆನ್ನುತ್ತದೆ 21ನೇ ಕಲಂ.